ಕಡಲ ನೀರು ಇಳಿದ ಮೇಲೆ ಮನೆ, ಬಾವಿ ಉಳಿಸಿಕೊಳ್ಳುವ ಬಗೆ

ಚಂಡಮಾರುತದ ಗಾಳಿ ಅಡಗುತ್ತದೆ, ಉಕ್ಕಿ ಬಂದ ಕಡಲ ನೀರೂ ಇಳಿಯುತ್ತದೆ. ಬಿಟ್ಟುಹೋದ ಉಪ್ಪು ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಹಾಗಾಗಿ ನಾನು ಮನೆಯನ್ನು ಮೊದಲು ತೊಳೆಯುತ್ತೇನೆ, ಒಣಗಿಸುವುದು ಆಮೇಲೆ.

ಒಳಗೆ ಕಾಲಿಡುವ ಮುಂಚೆ ಕರೆಂಟ್ ಕಡಿತವಾಗಿರಬೇಕು. ಮೇನ್ ಸ್ವಿಚ್ಚಿನ ಬುಡದಲ್ಲಿ ನೀರು ನಿಂತಿದ್ದರೆ ಅದನ್ನು ಮುಟ್ಟುವುದಿಲ್ಲ, ಕಂಬದಲ್ಲೇ ತಪ್ಪಿಸಲು ಲೈನ್‌ಮನ್‌ಗೆ ಹೇಳುತ್ತೇನೆ. ಉಪ್ಪುನೀರು ಹೊಕ್ಕ ಸ್ವಿಚ್, ಸಾಕೆಟ್, ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಒಣಗಿದಂತೆ ಕಂಡರೂ ಮತ್ತೆ ಬಳಸುವುದಿಲ್ಲ. ಒಳಗೆ ಕೂತ ಉಪ್ಪು ಗಾಳಿಯ ತೇವ ಹೀರಿಕೊಂಡು ಲೋಹವನ್ನು ತಿನ್ನುತ್ತದೆ, ಕರೆಂಟ್ ಸೋರಿ ಬೆಂಕಿ ಹತ್ತುವುದೂ ಉಂಟು. ಜನರೇಟರ್ ಹಚ್ಚುವುದಾದರೆ ಮನೆಯಿಂದ 6 ಮೀಟರ್‌ಗೂ ಹೆಚ್ಚು ದೂರ, ಬಯಲಲ್ಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಚಂಡಮಾರುತಕ್ಕೆ ಸಿಗದೆ ಬದುಕಿದವರು ಈ ಹೊಗೆಗೆ ಸಿಕ್ಕಿ ಸತ್ತಿದ್ದಾರೆ.

ಕೆಸರನ್ನು ಹಸಿಯಿದ್ದಾಗಲೇ ಎತ್ತಬೇಕು. ಒಣಗಿದರೆ ಗಾರೆಗೆ ಕಚ್ಚಿಕೊಳ್ಳುತ್ತದೆ. ಮಾಡಿನಿಂದ ಬೀಳುವ ಮಳೆನೀರನ್ನು ಡ್ರಮ್ಮಿಗೆ ಹಿಡಿದು, ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತೊಳೆಯುತ್ತೇನೆ. ನೆಂದ ಹಾಸಿಗೆ, ಪ್ಲೈವುಡ್ ಅಂದೇ ಹೊರಗೆ ಹೋಗಬೇಕು, ಏಕೆಂದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಗೋಡೆ ಒಣಗುತ್ತ ಬಂದಂತೆ ಬಿಳಿ ಉಪ್ಪು ಮೇಲೆದ್ದು ಬರುತ್ತದೆ. ಅದನ್ನು ಒಣ ಬ್ರಶ್ಶಿನಿಂದ ಉಜ್ಜಿ, ಪುಡಿಯನ್ನು ಬಳಿದು ಹೊರಗೆ ಹಾಕಬೇಕು. ನೀರು ಹಾಕಿದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುತ್ತದೆ. ಉಪ್ಪು ಏಳುವುದು ನಿಲ್ಲುವ ತನಕ ಪೇಂಟ್ ಬೇಡ, ಹೊಡೆದರೆ ಸುಲಿದು ಬೀಳುತ್ತದೆ.

ಹೆಚ್ಚು ತಾಳ್ಮೆ ಬೇಕಾದದ್ದು ಬಾವಿಗೆ. ದೊಡ್ಡ ಪಂಪ್ ಇಟ್ಟು ಒಂದೇ ಸಲಕ್ಕೆ ಬರಿದು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಕೆಡಿಸುವುದೂ ಅದೇ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರಿನ ಒತ್ತು ತಪ್ಪಿದರೆ ಬಾವಿಯ ಗೋಡೆ ಕುಸಿಯಬಹುದು. ಜೊತೆಗೆ ಕರಾವಳಿಯ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಜೋರಾಗಿ ಸೇದಿದರೆ ಅಡಿಯ ಉಪ್ಪು ಮೇಲೇರುತ್ತದೆ. ನಾನು ಕಸ, ಕೆಸರು ತೆಗೆದು, ಸ್ವಲ್ಪ ಸ್ವಲ್ಪವೇ ನೀರೆತ್ತುತ್ತೇನೆ. ಎತ್ತುವ ಮೊದಲೊಮ್ಮೆ, ಆಮೇಲೊಮ್ಮೆ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಸಾಧನ, ಅದ್ದಿ ನೋಡುತ್ತೇನೆ. ಅಂಕಿ ಏರಿದರೆ ಅಂದಿಗೆ ಕೆಲಸ ನಿಲ್ಲಿಸುತ್ತೇನೆ.

ಕ್ಲೋರಿನ್ ಹಾಕುವುದು ನೀರು ತಿಳಿಯಾದ ಮೇಲೆ, ಕೆಸರಿದ್ದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. 33 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರಿಗೆ 60 ಗ್ರಾಂ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 565 ಗ್ರಾಂ ಪುಡಿ. ಬಕೆಟ್ಟಿನ ನೀರಿನಲ್ಲಿ ಕಲಸಿ, ಪುಡಿಯಲ್ಲಿನ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿಯಬೇಕು. 24 ಗಂಟೆ ಮುಟ್ಟಬಾರದು. ಬಳಿಕ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂಗಿಂತ ಕಡಿಮೆಯಾಗುವ ತನಕ, ಮತ್ತೆ ನಿಧಾನವಾಗಿಯೇ, ನೀರೆತ್ತುವುದು.

ಇದರಿಂದ ರೋಗಾಣು ಸಾಯುತ್ತವೆ, ಉಪ್ಪು ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಪ್ಪಿನಂಶ ಇನ್ನೂ ಹೆಚ್ಚುತ್ತದೆ. ಮಳೆ ಇಂಗಿ ಉಪ್ಪು ಇಳಿಯುವ ತನಕ ಆ ನೀರು ಪಾತ್ರೆ, ನೆಲ ತೊಳೆಯಲು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಬೇರೆ ಕಡೆಯ ನೀರು ಇಟ್ಟುಕೊಳ್ಳಬೇಕು.