ಬುಕಿಂಗ್ ರದ್ದು ಮಾಡುವ ಟೂಲ್‌ಗೆ ವಿವರಣೆ ಬರೆಯುವ ಬಗೆ

ಹೋಟೆಲ್ ಬುಕಿಂಗ್ ರದ್ದು ಮಾಡುವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಬರೆಯುವುದು ಅರ್ಧ ದಿನದ ಕೆಲಸ. ಅದನ್ನು, ಅತಿಥಿಯ ಮಾತು ಅರ್ಥಮಾಡಿಕೊಂಡು ತಾನೇ ಕೆಲಸ ಮಾಡುವ ಎಐ ಏಜೆಂಟ್ ಕೈಗೆ ‘ಟೂಲ್’ ಆಗಿ ಒಪ್ಪಿಸುವ ಮೊದಲು ಬರೆಯಬೇಕಾದ ಹತ್ತು ಹನ್ನೆರಡು ಸಾಲಿನ ವಿವರಣೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲೂ ಬೇಕು. ಏಜೆಂಟ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ಅದರ ವಿವರಣೆ ಮತ್ತು ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂದು ತಿಳಿಸುವ ಜೇಸನ್ ಸ್ಕೀಮಾ, ಇಷ್ಟರಿಂದಲೇ ಅದು ಟೂಲನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಮೈಸೂರಿನ ಒಂದು ಹೋಟೆಲಿಗಾಗಿ ಇಂಥದೊಂದು ಟೂಲ್ ಮಾಡಿದಾಗ ನಾನು ಕೊಟ್ಟ ಮೊದಲ ವಿವರಣೆ ‘ಬುಕಿಂಗ್ ರದ್ದು ಮಾಡುತ್ತದೆ’ ಎಂಬ ಮೂರೇ ಪದ. ಪರೀಕ್ಷೆಗೆಂದು ‘ಈಗ ಕ್ಯಾನ್ಸಲ್ ಮಾಡಿದ್ರೆ ಎಷ್ಟು ಕಟ್ ಆಗುತ್ತೆ?’ ಎಂದು ಟೈಪ್ ಮಾಡಿದೆ. ಏಜೆಂಟ್ ಬುಕಿಂಗನ್ನು ರದ್ದು ಮಾಡಿ, ಎಷ್ಟು ಕಟ್ ಆಯಿತೆಂದು ಬಹಳ ವಿನಯದಿಂದ ತಿಳಿಸಿತು. ಪುಣ್ಯಕ್ಕೆ ಅದು ಪರೀಕ್ಷೆಯ ಡೇಟಾಬೇಸ್. ತಪ್ಪು ಏಜೆಂಟ್‌ನದಲ್ಲ, ಶುಲ್ಕ ತಿಳಿಯಲು ಅದಕ್ಕೆ ಬೇರೆ ದಾರಿಯನ್ನೇ ನಾನು ಕೊಟ್ಟಿರಲಿಲ್ಲ.

ಆದ್ದರಿಂದ ವಿವರಣೆಗೆ ಕೈಹಾಕುವ ಮೊದಲು ಟೂಲನ್ನೇ ಎರಡಾಗಿ ಒಡೆಯಿರಿ. ‘ಶುಲ್ಕ_ನೋಡು’ ಎಂಬುದು ಏನನ್ನೂ ಬದಲಿಸದೆ, ಕಡಿತವೆಷ್ಟು, ಮರಳಿ ಬರುವುದೆಷ್ಟು ಎಂದು ತಿಳಿಸಿ, ಕೆಲವೇ ನಿಮಿಷ ಚಾಲ್ತಿಯಲ್ಲಿರುವ ಒಂದು ದೃಢೀಕರಣ ಕೋಡ್ ಕೊಡಲಿ. ‘ಬುಕಿಂಗ್_ರದ್ದು’ ಎಂಬುದು ಆ ಕೋಡ್ ಇಲ್ಲದೆ ಕೆಲಸ ಮಾಡದಿರಲಿ. (ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಹಲವು ವೇದಿಕೆಗಳು ಟೂಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಬಿಟ್ಟರೆ ಬೇರೇನನ್ನೂ ಒಪ್ಪುವುದಿಲ್ಲ.) ಎರಡನೆಯದರ ವಿವರಣೆ ಕೊನೆಗೆ ಈ ರೂಪಕ್ಕೆ ಬಂತು (ಇದರಲ್ಲಿ ಬರುವ ಬುಕಿಂಗ್_ಬದಲಿಸು ಎಂಬುದು ಬುಕಿಂಗ್ ತಿದ್ದುವ ಮತ್ತೊಂದು ಟೂಲ್):

‘ದೃಢಪಟ್ಟಿರುವ ಒಂದು ಬುಕಿಂಗನ್ನು ಪೂರ್ತಿಯಾಗಿ ರದ್ದು ಮಾಡುತ್ತದೆ. ಇದನ್ನು ಹಿಂದಕ್ಕೆ ಪಡೆಯಲಾಗದು. ರೂಮ್ ಆ ಕ್ಷಣವೇ ಬೇರೆಯವರಿಗೆ ಲಭ್ಯವಾಗುತ್ತದೆ. ಅತಿಥಿಗೆ ಕಡಿತದ ಮೊತ್ತವನ್ನು ತಿಳಿಸಿ, ಅವರು ರದ್ದು ಮಾಡಿ ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಮಾತ್ರ ಬಳಸಿ. ಶುಲ್ಕ ವಿಚಾರಿಸಿದರೆ ಶುಲ್ಕ_ನೋಡು ಬಳಸಿ. ದಿನಾಂಕ ಬದಲಿಸಲು, ಅಥವಾ ಹಲವು ರೂಮುಗಳಲ್ಲಿ ಒಂದನ್ನು ಮಾತ್ರ ಬಿಡಲು ಬುಕಿಂಗ್_ಬದಲಿಸು ಬಳಸಿ.’

ಇದರಲ್ಲಿ ಟೂಲ್ ಏನು ಮಾಡುತ್ತದೆ, ಅದರ ಪರಿಣಾಮವೇನು ಎಂಬುದಕ್ಕೆ ಮೊದಲ ಮೂರು ಪುಟ್ಟ ವಾಕ್ಯಗಳಷ್ಟೇ ಇವೆ. ಉಳಿದದ್ದೆಲ್ಲ ಅದನ್ನು ಯಾವಾಗ ಮುಟ್ಟಬಾರದು, ಆಗ ಯಾವುದನ್ನು ಬಳಸಬೇಕು ಎಂಬುದಕ್ಕೆ ಮೀಸಲು. ಬರಿದೇ ‘ಬಳಸಬೇಡಿ’ ಎಂದು ಬರೆದು ಬೇರೆ ದಾರಿ ತೋರಿಸದಿದ್ದರೆ, ಅತಿಥಿಗೆ ಹೇಗಾದರೂ ನೆರವಾಗಲು ಹೊರಟ ಏಜೆಂಟ್ ಸುತ್ತಿ ಬಳಸಿ ಅದೇ ಟೂಲಿಗೆ ಬಂದು ನಿಲ್ಲುವ ಸಂಭವವಿದೆ. ಹಲವು ರೂಮುಗಳ ಮಾತನ್ನು ನಾನು ಸುಮ್ಮನೆ ಸೇರಿಸಲಿಲ್ಲ. ಮದುವೆಗೆ, ದಸರೆಗೆ ಬರುವ ಕುಟುಂಬಗಳು ಒಂದೇ ಬುಕಿಂಗ್ ನಂಬರಿನಲ್ಲಿ ಮೂರು ನಾಲ್ಕು ರೂಮ್ ಹಿಡಿಯುತ್ತವೆ. ‘ಒಂದು ರೂಮ್ ಬೇಡ, ಕ್ಯಾನ್ಸಲ್ ಮಾಡಿ’ ಎಂಬ ಮಾತಿಗೆ ಇಡೀ ಬುಕಿಂಗ್ ಹೋದರೆ ಹಬ್ಬದ ದಿನಗಳಲ್ಲಿ ಆ ರೂಮುಗಳು ಮತ್ತೆ ಸಿಗುವ ಭರವಸೆಯಿಲ್ಲ.

ಇನ್ನು ಸ್ಕೀಮಾದಲ್ಲಿ ಕೊಡುವ ಒಂದೊಂದು ಅಂಶಕ್ಕೂ ಪ್ರತ್ಯೇಕ ಸಾಲು ಬೇಕು. ಬುಕಿಂಗ್ ನಂಬರನ್ನು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಬರೆದಂತೆಯೇ ಉಳಿಯುವ ಅಕ್ಷರಗಳ ಸಾಲು) ಆಗಿ ಘೋಷಿಸಿ. ಇಲ್ಲವಾದರೆ 004517 ಎಂಬುದು 4517 ಆಗಿ, ಹುಡುಕಿದರೂ ಸಿಗುವುದಿಲ್ಲ. ಅತಿಥಿಯ ಹೆಸರಿನಿಂದ ರದ್ದು ಮಾಡಲು ಅವಕಾಶ ಕೊಡಲೇಬೇಡಿ, ಏಕೆಂದರೆ ಮಂಜುನಾಥ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುವವರಿದ್ದಾರೆ, ಒಂದೇ ದಿನ ಇಬ್ಬರು ಮಂಜುನಾಥರು ಬರುವುದೂ ಉಂಟು. ದಿನಾಂಕಕ್ಕೆ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601ರ ಕ್ರಮವನ್ನು ಹೇಳಿ, 2025-10-01 ಎಂಬ ಉದಾಹರಣೆಯನ್ನೂ ಕೊಡಿ. 01/10/2025 ಎಂಬುದು ನಮಗೆ ಅಕ್ಟೋಬರ್ 1, ಅಮೆರಿಕದ ಕ್ರಮದಲ್ಲಿ ಜನವರಿ 10. ರದ್ದು ಮಾಡಲು ಇರುವ ಗಡುವಿನ ವಿಷಯದಲ್ಲಿ ಯಾವ ಊರಿನ ಗಡಿಯಾರ ಎಂಬುದನ್ನೂ ಬರೆಯಬೇಕು. ಮೈಸೂರಿನಲ್ಲಿ ಸಂಜೆ 6ಕ್ಕೆ ಗಡುವು ಮುಗಿಯುವಾಗ, ದಸರೆಗೆ ಊರಿಗೆ ಹೊರಡಬೇಕಿದ್ದ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಅದೇ ದಿನದ ಬೆಳಗಿನ ಜಾವ 5:30. ‘ಇವತ್ತು ಸಂಜೆಯೊಳಗೆ ತಿಳಿಸಿ’ ಎಂದು ಏಜೆಂಟ್ ಹೇಳಿದರೆ ಅವರು ಹಣ ಕಳೆದುಕೊಳ್ಳುತ್ತಾರೆ.

ಶುಲ್ಕದ ದರಗಳನ್ನು ವಿವರಣೆಯಲ್ಲಿ ಬರೆಯಬೇಡಿ. ಹೋಟೆಲಿನವರು ಸೀಸನ್‌ಗೆ ತಕ್ಕಂತೆ ದರ ಬದಲಿಸುತ್ತಾರೆ, ವಿವರಣೆ ಹಳೆಯದಾಗಿ ಉಳಿಯುತ್ತದೆ. ಮೊತ್ತ ಯಾವಾಗಲೂ ಟೂಲ್‌ನ ಉತ್ತರದಿಂದಲೇ ಬರಲಿ, ರೂಪಾಯಿಯೋ ಪೈಸೆಯೋ ಎಂಬುದೂ ಅಲ್ಲೇ ಇರಲಿ.

ನೆಟ್‌ವರ್ಕ್ ಕೈಕೊಟ್ಟು ಉತ್ತರ ತಡವಾದರೆ ಏಜೆಂಟ್ ಅದೇ ಟೂಲನ್ನು ಮತ್ತೊಮ್ಮೆ ಕರೆಯಬಹುದು. ಎರಡನೆಯ ಸಲ ‘ಈ ಬುಕಿಂಗ್ ಆಗಲೇ ರದ್ದಾಗಿದೆ’ ಎಂಬ ಉತ್ತರ ಬರುತ್ತದೆ, ಶುಲ್ಕ ಎರಡು ಸಲ ಕಟ್ ಆಗುವುದಿಲ್ಲ ಎಂದು ಕೋಡ್‌ನಲ್ಲಿ ಖಾತ್ರಿ ಮಾಡಿಕೊಂಡ ನಂತರ, ವಿವರಣೆಯಲ್ಲೂ ಅದನ್ನು ಹೇಳಿ. ದೋಷದ ಸಂದೇಶಗಳನ್ನೂ ವಿವರಣೆಯ ಭಾಗವೆಂದೇ ಎಣಿಸಬೇಕು. ‘ದೋಷ 409’ ಎಂದರೆ ಏಜೆಂಟ್‌ಗೆ ಮುಂದಿನ ದಾರಿ ತೋಚದು, ‘ಅತಿಥಿ ಚೆಕ್-ಇನ್ ಆಗಿದ್ದಾರೆ, ಆದ್ದರಿಂದ ರದ್ದು ಮಾಡಲಾಗದು, ಬೇಗ ಹೊರಡುವುದಿದ್ದರೆ ರಿಸೆಪ್ಷನ್‌ಗೆ ಕರೆ ವರ್ಗಾಯಿಸಿ’ ಎಂದರೆ ತೋಚುತ್ತದೆ. ಬೇರೊಂದು ಬುಕಿಂಗ್ ಆ್ಯಪ್ ಮೂಲಕ ಬಂದ ರೂಮುಗಳಿಗೂ ಹೀಗೆಯೇ: ಬುಕ್ ಮಾಡಿದ ಕಡೆಯಲ್ಲೇ ರದ್ದು ಮಾಡಬೇಕೆಂದು ಸಂದೇಶವೇ ತಿಳಿಸಲಿ.

ಎಐ ಕಂಪನಿ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಏಜೆಂಟ್‌ಗಳಿಗೆ ಟೂಲ್‌ಗಳನ್ನು ಜೋಡಿಸುವ ಮಾನದಂಡವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಬಳಸುವವರು, ಟೂಲ್ ಕೇವಲ ಓದುವಂಥದ್ದೇ, ಹಾಳುಮಾಡಬಲ್ಲದ್ದೇ, ಮತ್ತೆ ಕರೆದರೂ ಹೊಸ ಪರಿಣಾಮವಿಲ್ಲದ್ದೇ ಎಂಬ ಸೂಚನೆಗಳನ್ನೂ ಜೊತೆಗಿಡಬಹುದು. ಅವು ಸೂಚನೆಗಳಷ್ಟೇ, ತಡೆಯುವ ಕೆಲಸ ಸರ್ವರ್‌ನಲ್ಲಿ ಪರಿಶೀಲನೆಯಾಗುವ ಆ ದೃಢೀಕರಣ ಕೋಡ್‌ನದೇ.

ಪರೀಕ್ಷೆಗೆ ಇಪ್ಪತ್ತು ವಾಕ್ಯ ಬರೆದುಕೊಳ್ಳಿ, ಅರ್ಧದಷ್ಟಾದರೂ ಟೂಲನ್ನು ಕರೆಯಬಾರದಂಥವು ಇರಲಿ. ನನ್ನ ಪಟ್ಟಿಯಲ್ಲಿ ಬಹಳ ದಿನ ಎಡವಿದ್ದು ‘ಅಮ್ಮಂಗೆ ಹುಷಾರಿಲ್ಲ, ಬರೋದು ಡೌಟು, ರೂಮ್ ಬೇಡ ಅನ್ನಿಸ್ತಿದೆ’ ಎಂಬ ವಾಕ್ಯ. ಈಗ ಏಜೆಂಟ್ ಶುಲ್ಕ_ನೋಡು ಕರೆದು, ಮೊತ್ತ ಹೇಳಿ, ‘ರದ್ದು ಮಾಡಲೇ?’ ಎಂದು ಕೇಳಿ ಕಾಯುತ್ತದೆ.