ಮಳೆಗಾಲದಲ್ಲೂ ಗಟ್ಟಿಯಾದ ನನ್ನ ಕಡ್ಲೆಕಾಯಿ ಎಣ್ಣೆ ಸೋಪು

ಕಡ್ಲೆಕಾಯಿ ಎಣ್ಣೆ ಸೋಪು ಮೆತ್ತಗೇ ಇರುತ್ತೆ, ಅದೂ ಸೋಮವಾರಪೇಟೆಯ ಮಳೆಯಲ್ಲಿ ಒಣಗೋದೇ ಇಲ್ಲ ಅಂತ ನನಗೆ ಹೇಳದವರಿಲ್ಲ. ಈ ಸಲ ಜುಲೈನಲ್ಲಿ ಹಾಕಿದ ಸೋಪು ಗಟ್ಟಿಯಾಗಿ, ದೀಪಾವಳಿಗೆ ಮುಂಚೆಯೇ ಮಾರಾಟವಾಗಿ ಖಾಲಿಯಾಯಿತು.

ಅದಕ್ಕೂ ಮುಂಚೆ ದುಡ್ಡು ಸಾಕಷ್ಟು ಹೋಗಿದೆ. ಬರೀ ಕಡ್ಲೆಕಾಯಿ ಎಣ್ಣೆಯ ಸೋಪನ್ನು ಅಚ್ಚಿನಿಂದ ಬಿಡಿಸುವಾಗಲೇ ಹೆಬ್ಬೆರಳು ಒಳಗೆ ಇಳಿಯುತ್ತಿತ್ತು. ಕತ್ತರಿಸಿ ಇಟ್ಟರೆ ಬೆವರೋದು. ಒಂದೆರಡು ತಿಂಗಳಲ್ಲಿ ಮೇಲೆಲ್ಲ ಕಿತ್ತಳೆ ಚುಕ್ಕೆ, ಮೂಗಿಗೆ ಹಿಡಿದರೆ ಕಮಟು ವಾಸನೆ. ಏಳೆಂಟು ಸಾವಿರದ ಎಣ್ಣೆ ಹೀಗೆ ಜೀಪು ತೊಳೆಯೋಕೆ ಹೋಯಿತು.

ಕಡ್ಲೆಕಾಯಿ ಎಣ್ಣೆ ಸೋಪಿಗೆ ಆಗಲ್ಲ ಅನ್ನುವವರಿಗೆ ಮಾರ್ಸೇಲ್‌ನ ಕತೆ ಹೇಳ್ತೀನಿ. ಫ್ರಾನ್ಸಿನ ಆ ಊರಿನ ಸೋಪಿಗೆ ಆಲಿವ್ ಎಣ್ಣೆ ಬಿಟ್ಟು ಬೇರೇನೂ ಹಾಕಬಾರದು ಅಂತ 1688ರಲ್ಲೇ ರಾಜಾಜ್ಞೆ ಆಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಕಾರ್ಖಾನೆ ಮುಚ್ಚಬೇಕಿತ್ತು, ಸೆಕೆಗೆ ಸೋಪು ಕೆಡುತ್ತೆ ಅಂತ. ಅದೇ ಊರಿನವರು 1840ರ ಆಚೆಗೆ ಸೆನೆಗಲ್‌ನಿಂದ ಹಡಗುಗಟ್ಟಲೆ ಕಡ್ಲೆಕಾಯಿ ತರಿಸಿ, ಎಣ್ಣೆ ತೆಗೆದು, ಸೋಪಿಗೇ ಹಾಕಿದರು! ಅವರಿಗೆ ಸೆಕೆ ಕಾಟ, ನಮಗೆ ಥಂಡಿ ಕಾಟ, ಅಷ್ಟೇ.

ಈಗ ನನ್ನ ಅಳತೆ. ಒಂದು ಕಿಲೋ ಎಣ್ಣೆಯಲ್ಲಿ ಅರ್ಧ ಕಡ್ಲೆಕಾಯಿ, 400 ಗ್ರಾಂ ಕೊಬ್ಬರಿ ಎಣ್ಣೆ, 100 ಗ್ರಾಂ ಹರಳೆಣ್ಣೆ. ಎಣ್ಣೆಯನ್ನು ಸೋಪು ಮಾಡೋ ಕಾಸ್ಟಿಕ್ ಸೋಡಾ ಸುಮಾರು 146 ಗ್ರಾಂ, ಅಂದ್ರೆ ಐದು ಪರ್ಸೆಂಟ್ ಎಣ್ಣೆ ಸೋಪಾಗದೆ ಉಳಿಯೋ ಹಾಗೆ. ನೀರು 235 ಗ್ರಾಂ ಆಸುಪಾಸು. ನೀರು ಕಡಿಮೆ ಮಾಡಿದ್ದೇ ಅರ್ಧ ಗೆಲುವು. ಕಾಸ್ಟಿಕ್ ನೀರಿಗೆ ಇನ್ನೊಂದು ಸಾಮಾನು ಹಾಕ್ತೀನಿ, ನಿಮ್ಮ ಅಡುಗೆಮನೆಯಲ್ಲೇ ಇದೆ. ಎಷ್ಟು, ಯಾವಾಗ ಅನ್ನೋದು ನನ್ನ ಹತ್ತಿರವೇ ಇರಲಿ.

ಉಳಿದರ್ಧ ಗೆಲುವು ತಾತನ ಕಾಲದ ಏಲಕ್ಕಿ ಒಣಗಿಸೋ ಕೋಣೆಯದು. ಒಲೆ ಹೊರಗೆ, ಬಿಸಿ ಹೊಗೆ ಹೋಗುವ ತಗಡಿನ ಕೊಳವೆ ಮಾತ್ರ ಒಳಗೆ. ಹೊಗೆ ಸೋಪಿಗೆ ತಾಗಲ್ಲ, ಗಾಳಿ ಒಣಗಿರುತ್ತೆ. ಸಂಜೆ ಎರಡು ಸಿಲ್ವರ್ ಓಕ್ ಕೊರಡು ಹಾಕಿದರೆ ಬೆಳಗಿನವರೆಗೂ ಬೆಚ್ಚಗೆ. 35 ಡಿಗ್ರಿ ದಾಟಿಸಬೇಡಿ, ಸೋಪು ಬಿರುಕು ಬಿಡುತ್ತೆ. ಬಿದಿರು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು, ಮೂರು ದಿನಕ್ಕೊಮ್ಮೆ ಮಗುಚಬೇಕು. ಎಂಟು ವಾರ ಕಳೆದ ಮೇಲೆ ಎರಡು ಸೋಪು ಒಂದಕ್ಕೊಂದು ತಟ್ಟಿದರೆ ಟಕ್ ಅನ್ನುತ್ತೆ. ಆ ಸದ್ದಿಗೆ ಎಷ್ಟು ವರ್ಷ ಕಾದಿದ್ದೆ!

ಸಿಪ್ಪೆ, ಹಿಂಡಿಯನ್ನೂ ಬಿಟ್ಟಿಲ್ಲ. ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕಡ್ಲೆಕಾಯಿಯಿಂದ ಮಾಡಿದ, ಮೈಗೆ ಹಚ್ಚೋ ಕ್ರೀಮಿಗೆ 1925ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು. ಅದನ್ನು ಓದಿದ ಮೇಲೆ ಕೈ ಸುಮ್ನೆ ಇರಲ್ಲ ಅಲ್ವಾ? ಸಿಪ್ಪೆ ಪುಡಿಯನ್ನು ವಸ್ತ್ರಗಾಳಿತ ಮಾಡಿ ಸೋಪಿಗೆ ಹಾಕಿದೆ. ಕಾಫಿ ಕೊಯ್ದ ಕೈಯ ಕಪ್ಪು ಚೆನ್ನಾಗಿ ಹೋಗುತ್ತೆ, ಮುಖಕ್ಕೆ ಬೇಡ, ತರಚುತ್ತೆ. ಹಿಂಡಿ ನೆನೆಸಿ ಮೆಣಸಿನ ಬಳ್ಳಿ ಬುಡಕ್ಕೆ ಹಾಕಿದ್ದಕ್ಕೆ ರಾತ್ರಿ ಹಂದಿ ಬಂದು ಅಗೆದು ಹೋದವು. ಈಗ ಬೇವಿನ ಹಿಂಡಿ ಬೆರೆಸಿ, ಮಣ್ಣು ಮುಚ್ಚುತ್ತೇನೆ.

ಖರ್ಚು? ಗಾಣದ ಎಣ್ಣೆ ಲೀಟರಿಗೆ 300ರ ಹತ್ತಿರ. 100 ಗ್ರಾಮಿನ ಸೋಪಿಗೆ ಕಾಗದ ಸುತ್ತಿ ಎಲ್ಲ ಸೇರಿ 28-30 ಬೀಳುತ್ತೆ, ಹೋಂಸ್ಟೇಯವರು 80 ಕೊಡ್ತಾರೆ. ಸೌದೆ ತೋಟದ್ದೇ. ಲೇಬಲ್ ಮೇಲೆ ಮಾತ್ರ ಕಡ್ಲೆಕಾಯಿ ಎಣ್ಣೆ ಅಂತ ದೊಡ್ಡದಾಗಿ ಬರೆಯಿರಿ. ಕಡ್ಲೆಕಾಯಿ ಅಲರ್ಜಿ ಇರುವವರು ಬರುತ್ತಾರೆ, ಗಾಣದ ಎಣ್ಣೆಯಲ್ಲಿ ಅದರ ಅಂಶ ಉಳಿದಿರುತ್ತೆ.