ಮೊದಲು ಪತ್ರ, ಆಮೇಲೆ ಪ್ರಯಾಣ: ಉಗಾಂಡಾದಲ್ಲಿ ನಮ್ಮ ಹುಡುಗಿಯನ್ನು ನೋಡಿ ಬಂದ ಅನುಭವ

ಸ್ಪಾನ್ಸರ್ ಮಾಡಿದ, ಅಂದರೆ ತಿಂಗಳು ತಿಂಗಳು ಹಣ ಕಳಿಸಿ ಓದಿಸುತ್ತಿರುವ ಮಗುವನ್ನು ಒಮ್ಮೆ ನೋಡಿ ಬರಬೇಕು, ಹೇಗೆ ಹೋಗೋದು ಅಂತ ನಮ್ಮ ಚರ್ಚಿನ ಸಭೆಯಲ್ಲಿ ಈಗ ಸುಮಾರು ಜನ ಕೇಳುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಮಗುವಿಗೆ ಪತ್ರ ಬರೀತಾ ಇದ್ದೀರಾ? ಬರೆಯುತ್ತಿದ್ದರೆ ಟಿಕೆಟ್ ಮಾತು ಆಡೋಣ. ಇಲ್ಲವಾದರೆ ಮೊದಲು ಒಂದು ವರ್ಷ ಪತ್ರ ಬರೆಯಿರಿ, ಆಮೇಲೆ ನೋಡೋಣ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೆ ಪತ್ರವಿಲ್ಲದೆ ಹೋದರೆ ಆ ಮಗುವಿಗೆ ನೀವು ಯಾರೋ ದೂರದ ದೊಡ್ಡ ಮನುಷ್ಯರು, ಅಷ್ಟೇ. ನಗುತ್ತದೆ, ಫೋಟೋಗೆ ನಿಲ್ಲುತ್ತದೆ. ಮಾತಾಡಲು ಮಾತ್ರ ಏನೂ ಇರುವುದಿಲ್ಲ.

ನಾವು ಉಡುಪಿ ಕಡೆಯವರು. ಈಗ ಇರುವುದು ಮೆಲ್ಬರ್ನ್‌ನಲ್ಲಿ. ಇಲ್ಲಿಗೆ ಬಂದ ಮೇಲೆ ಕಂಪ್ಯಾಷನ್ ಸಂಸ್ಥೆಯ ಮೂಲಕ ಮಗುವನ್ನು ಸ್ಪಾನ್ಸರ್ ಮಾಡಲು ಶುರು ಮಾಡಿದೆವು. 1952ರಲ್ಲಿ ಕೊರಿಯಾ ಯುದ್ಧದ ಅನಾಥ ಮಕ್ಕಳನ್ನು ಕಂಡು ಎವರೆಟ್ ಸ್ವಾನ್ಸನ್ ಎಂಬ ಅಮೆರಿಕದ ಕ್ರೈಸ್ತ ಬೋಧಕರು ಆರಂಭಿಸಿದ ಕೆಲಸ ಅದು. ಒಂದು ಮಗುವಿಗೆ ಒಬ್ಬ ಸ್ಪಾನ್ಸರ್, ಕೆಲಸವೆಲ್ಲ ಆ ಊರಿನ ಸಭೆಯ ಕೈಯಲ್ಲಿ. ಹೀಗೆ ನಡೆಯುತ್ತದೆ.

ನಮಗೆ ಮೊದಲು ಸಿಕ್ಕಿದ್ದು ಕರ್ನಾಟಕದ್ದೇ ಒಬ್ಬ ಹುಡುಗ. ಕನ್ನಡದಲ್ಲೇ ಬರೆಯುತ್ತಿದ್ದ. ಪತ್ರದ ಕೆಳಗೆ ಇಂಗ್ಲಿಷ್ ಅನುವಾದ ಇರುತ್ತಿತ್ತು, ನಮಗೆ ಅದು ಬೇಕಾಗುತ್ತಿರಲಿಲ್ಲ. 2016ರಲ್ಲಿ ವಿದೇಶದಿಂದ ಹಣ ತರಲು ಸಂಸ್ಥೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು ಎಂದಾಯಿತು. 2017ರ ಮಾರ್ಚ್‌ನಲ್ಲಿ ಭಾರತದಲ್ಲಿ ಅವರ ಕೆಲಸ ನಿಂತಿತು. ಸುಮಾರು 1,45,000 ಮಕ್ಕಳು ಆ ಯೋಜನೆಯಲ್ಲಿದ್ದರು. ಅವರಲ್ಲಿ ನಮ್ಮ ಹುಡುಗನೂ ಒಬ್ಬ. ಅವನನ್ನು ಒಮ್ಮೆಯೂ ನೋಡಲಾಗಲಿಲ್ಲ. ಈಗ ಎಲ್ಲಿದ್ದಾನೋ, ದೊಡ್ಡವನಾಗಿರುತ್ತಾನೆ. ಅವನಿಗಾಗಿ ಪ್ರಾರ್ಥನೆ ಮಾತ್ರ ನಿಂತಿಲ್ಲ.

ಆಮೇಲೆ ನಮಗೆ ಬಂದವಳು ಉಗಾಂಡಾದ ಹುಡುಗಿ. ಅವಳ ಹೆಸರು, ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಮಕ್ಕಳ ರಕ್ಷಣೆಯ ನಿಯಮ ಅದು, ನನಗೂ ಅದೇ ಸರಿ ಅನಿಸುತ್ತದೆ. ಮಸಾಕಾ ಕಡೆಯ ಹಳ್ಳಿ ಅಂದರೆ ಸಾಕು. ಅವಳು ಇರುವುದು ಅಜ್ಜಿಯ ಜೊತೆ. ಅಲ್ಲಿ ಅಜ್ಜಿಯನ್ನು ಜಾಜಾ ಅನ್ನುತ್ತಾರೆ. 1980ರ ದಶಕದಲ್ಲಿ ಏಡ್ಸ್ ಆ ಸೀಮೆಯನ್ನು ತುಂಬಾ ಕಾಡಿತು. ದುಡಿಯುವ ವಯಸ್ಸಿನವರೇ ಜಾಸ್ತಿ ಸತ್ತರು, ಮೊಮ್ಮಕ್ಕಳನ್ನು ಸಾಕುವ ಹೊಣೆ ಜಾಜಾಗಳ ಮೇಲೆ ಬಿತ್ತು. ಇವಳ ಮನೆಯ ಕಥೆ ಬೇರೆಯೇ ಇದೆ. ಆದರೆ ಮೊಮ್ಮಕ್ಕಳನ್ನು ಬೆಳೆಸುವ ಜಾಜಾ ಅಲ್ಲಿ ಮನೆಮನೆಯಲ್ಲಿ ಕಾಣುತ್ತಾರೆ.

ಪತ್ರ ಬರೆಯುವುದು ಕಷ್ಟವಲ್ಲ, ಆದರೆ ಅದಕ್ಕೊಂದು ರೀತಿ ಇದೆ. ಬರೆದದ್ದು ಅನುವಾದವಾಗಿ ಮಗುವಿನ ಕೈ ಸೇರಲು ತಿಂಗಳುಗಳೇ ಬೇಕು. ಅದಕ್ಕೇ ವಾಕ್ಯ ಚಿಕ್ಕದಿರಲಿ. 'ದೇವರು ಒಳ್ಳೇದು ಮಾಡಲಿ, ಚೆನ್ನಾಗಿ ಓದು' ಅಂತಷ್ಟೇ ಬರೆದರೆ ಮಗುವಿಗೆ ಉತ್ತರ ಬರೆಯಲು ಏನೂ ಸಿಗುವುದಿಲ್ಲ. ನಮ್ಮ ಮನೆಯ ಒಂದು ಸಣ್ಣ ಸುದ್ದಿ ಹೇಳಿ, ಅದರಂಥದ್ದೇ ಒಂದನ್ನು ಕೇಳಬೇಕು. ನಿಮ್ಮ ಕಡೆ ಮಳೆ ಯಾವಾಗ? ಬಾವಿಯಿಂದ ನೀರು ತರುವವರು ಯಾರು? ಶಾಲೆಗೆ ಯಾರ ಜೊತೆ ನಡೆದು ಹೋಗ್ತೀಯ? ಕಾರು, ದೊಡ್ಡ ಮನೆ, ಪ್ರವಾಸದ ಫೋಟೋಗಳನ್ನು ಕಳಿಸಬಾರದು. ನಾನು ಊರಿನ ಅಮ್ಮನ ಮನೆಯ ಫೋಟೋ ಕಳಿಸುತ್ತಿದ್ದೆ. ಅಂಗಳ, ಬಾಳೆ, ಹಲಸಿನ ಮರ, ಹಟ್ಟಿಯಲ್ಲಿ ದನ. ಅವಳ ಊರೂ ಬಹುತೇಕ ಹಾಗೇ ಇದೆ ಅಂತ ಅವಳ ಚಿತ್ರಗಳಿಂದಲೇ ನನಗೆ ಗೊತ್ತಾಗಿತ್ತು.

ಹೋಗಲು ನಿರ್ಧಾರ ಮಾಡಿದ ಮೇಲೆ ಸಂಸ್ಥೆಗೆ ಅರ್ಜಿ ಹಾಕಬೇಕು. ನೇರವಾಗಿ ಹಳ್ಳಿಗೆ ಹೋಗಿ ಬಾಗಿಲು ತಟ್ಟುವಂತಿಲ್ಲ. ಪೊಲೀಸ್ ತಪಾಸಣೆ ಆಗುತ್ತದೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಬೇರೆಯೇ ಒಂದು ಪರವಾನಗಿ ಇದೆ, ಅದೂ ನನ್ನಲ್ಲಿತ್ತು. ಆಮೇಲೆ ನಿಯಮಗಳಿಗೆ ಸಹಿ. ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. ಫೋನ್ ನಂಬರ್, ವಿಳಾಸ ಕೊಡುವಂತಿಲ್ಲ. ಕೈಗೆ ಹಣ ಕೊಡುವಂತಿಲ್ಲ. ಫೇಸ್‌ಬುಕ್‌ನಲ್ಲಿ ಊರಿನ ಹೆಸರು ಹಾಕುವಂತಿಲ್ಲ. 'ನಾವು ಒಳ್ಳೆಯವರು, ನಮಗ್ಯಾಕೆ ಇದೆಲ್ಲ' ಅಂತ ನಮ್ಮ ಜೊತೆ ಹೊರಟಿದ್ದ ತಂಡದ ಹಿರಿಯರೊಬ್ಬರು ಕೇಳಿದರು. ನಾನು ಹೇಳಿದೆ: ಅಂಕಲ್, ಮಗುವಿಗೆ ನಾವು ಒಳ್ಳೆಯವರೋ ಅಲ್ಲವೋ ಹೇಗೆ ಗೊತ್ತಾಗಬೇಕು? ನಮ್ಮ ಮೊಮ್ಮಗಳನ್ನು ನೋಡಲು ಪರದೇಶದವರು ಬಂದರೆ ನಾವು ಇಷ್ಟಾದರೂ ಕೇಳುತ್ತೇವೆ, ಅಲ್ವಾ? ಅವರು ಸಹಿ ಹಾಕಿದರು.

ಉಗಾಂಡಾಕ್ಕೆ ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆಯ ಕಾರ್ಡ್ ಬೇಕೇ ಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಚುಚ್ಚಿಸಿಕೊಳ್ಳಬೇಕು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅಲ್ಲಿಂದ ನೇರ ಊರಿಗೆ ಹೋಗುವವರು ಇದನ್ನು ಮರೆಯಬಾರದು. ಭಾರತಕ್ಕೆ ಇಳಿಯುವಾಗಲೂ ಇದೇ ಕಾರ್ಡ್ ಕೇಳುತ್ತಾರೆ. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನ, ವಾಪಸ್ ಬಂದ ಮೇಲೂ ತೆಗೆದುಕೊಳ್ಳಬೇಕು. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ.

ಖರ್ಚಿನ ಮಾತು. ಟಿಕೆಟ್ ದುಡ್ಡಿನಲ್ಲಿ ಇನ್ನೂ ಎಷ್ಟೋ ಮಕ್ಕಳನ್ನು ಓದಿಸಬಹುದಿತ್ತು ಅಂತ ಸಭೆಯಲ್ಲಿ ಕೆಲವರು ಹೇಳಿದರು. ಅದು ನ್ಯಾಯವಾದ ಮಾತು. ನಮ್ಮ ಉತ್ತರ ಇಷ್ಟೇ: ಇದು ಕಾಣಿಕೆಯ ಹಣವಲ್ಲ, ಆ ವರ್ಷ ನಾವು ರಜೆಗೆ ಅಂತ ಇಟ್ಟಿದ್ದ ಹಣ. ವಿಮಾನದ ಟಿಕೆಟ್‌ಗಾಗಿ ಸಭೆಯಲ್ಲಿ ಹಣ ಎತ್ತುವುದು ನನಗೆ ಈಗಲೂ ಒಪ್ಪಿಗೆಯಿಲ್ಲ. ಹಾಗೆಯೇ, ಅಲ್ಲಿ ಹೋಗಿ ಗೋಡೆಗೆ ಬಣ್ಣ ಬಳಿಯುವ, ಇಟ್ಟಿಗೆ ಹೊರುವ ಕಾರ್ಯಕ್ರಮವೂ ಬೇಡ ಅಂದೆವು. ಆ ಊರಲ್ಲಿ ಒಳ್ಳೆಯ ಗಾರೆಯವರಿದ್ದಾರೆ. ಅವರ ಕೂಲಿಯನ್ನು ನಾವು ಯಾಕೆ ಕಿತ್ತುಕೊಳ್ಳಬೇಕು?

ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸೆಖೆ ಇರಲಿಲ್ಲ. ಭೂಮಧ್ಯರೇಖೆ ಹತ್ತಿರವಿದ್ದರೂ ಎತ್ತರದ ಜಾಗ, ಪಕ್ಕದಲ್ಲೇ ವಿಕ್ಟೋರಿಯಾ ಸರೋವರ. ಮಸಾಕಾ ರಸ್ತೆಯಲ್ಲಿ ಕಯಾಬ್ವೆ ಅನ್ನುವಲ್ಲಿ ಆ ರೇಖೆಯನ್ನು ದಾಟುತ್ತೇವೆ. ದಾರಿಯುದ್ದಕ್ಕೂ ಕೆಂಪು ಮಣ್ಣು, ಬಾಳೆ ತೋಟ, ನಡುನಡುವೆ ರೊಬಸ್ಟಾ ಕಾಫಿ. ಚಪಾತಿಯೊಳಗೆ ಮೊಟ್ಟೆ ಸುತ್ತಿ ಕೊಡುವ ತಿಂಡಿ ರಸ್ತೆಬದಿಯಲ್ಲೆಲ್ಲ ಸಿಗುತ್ತದೆ, ಅದಕ್ಕೆ ಅವರು ರೋಲೆಕ್ಸ್ ಅನ್ನುತ್ತಾರೆ. ಚಪಾತಿ ಅಲ್ಲಿಗೆ ಹೋದದ್ದು ನಮ್ಮವರ ಜೊತೆ. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯಾದವರನ್ನು ಓಡಿಸಿದ. ಚಪಾತಿ ಮಾತ್ರ ಅಲ್ಲೇ ಉಳಿಯಿತು. ಭಾರತದವರೆಂದರೆ ಅಲ್ಲಿಯವರಿಗೆ ಅಂಗಡಿ, ಸಕ್ಕರೆ ಕಾರ್ಖಾನೆಯವರು ಅಂತಲೇ ಗೊತ್ತು. ಭಾರತದವರು ಸಭೆಗೆ ಬಂದು ಪಕ್ಕದಲ್ಲಿ ಕೂತದ್ದು ಅಲ್ಲಿ ಹಲವರಿಗೆ ಹೊಸತಾಗಿತ್ತು. ಭಾರತದಲ್ಲೂ ಕ್ರೈಸ್ತರಿದ್ದಾರಾ ಅಂತ ಕೇಳಿದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದದ್ದನ್ನು ಹೇಳಿದೆ. ಅವರ ಸ್ತೋತ್ರವೊಂದರ ರಾಗ ನಮ್ಮ ಸಭೆಯಲ್ಲಿ ಹಾಡುವ ಅದೇ ರಾಗ. ಅವರು ತಮ್ಮ ಲುಗಾಂಡಾ ಭಾಷೆಯಲ್ಲಿ, ನಾವು ಕನ್ನಡದಲ್ಲಿ ಒಟ್ಟಿಗೇ ಹಾಡಿದೆವು.

ಹುಡುಗಿಯನ್ನು ಮೊದಲು ಕಂಡದ್ದು ಚರ್ಚಿನ ಅಂಗಳದ ಮಕ್ಕಳ ಕೇಂದ್ರದಲ್ಲಿ. ಶಾಲೆಯ ಸ್ವೆಟರ್ ಹಾಕಿಕೊಂಡು ಅಜ್ಜಿಯ ಹಿಂದೆ ನಿಂತಿದ್ದಳು. ನಾಚಿಕೆ. ನನ್ನ ಹೆಂಡತಿ ಅವಳ ಕೈ ಹಿಡಿದಳು, ಆದರೂ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅನುವಾದ ಮಾಡುವ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಆ ಅಕ್ಕ ನಕ್ಕು ನನಗೆ ಹೇಳಿದರು: ನಿಮ್ಮ ಅಮ್ಮನ ದನ ಕರು ಹಾಕಿತಾ, ಹೆಣ್ಣಾ ಗಂಡಾ ಅಂತ ಕೇಳ್ತಿದಾಳೆ. ದನ ಗಬ್ಬವಾಗಿದೆ ಅಂತ ಹಿಂದಿನ ಯಾವುದೋ ಪತ್ರದಲ್ಲಿ ಬರೆದಿದ್ದೆ. ಹೆಣ್ಣು ಕರು ಅಂದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅಲ್ಲಿಂದ ಮಾತು ನಿಲ್ಲಲಿಲ್ಲ. ನಾವು ಕಳಿಸಿದ ಹುಟ್ಟುಹಬ್ಬದ ಹಣದಲ್ಲಿ ಅವರು ಆಡು ತಂದಿದ್ದರು, ಅದೂ ಮರಿ ಹಾಕಿತ್ತು. ಆ ಕಥೆಯನ್ನು ಕೈಯಾಡಿಸಿಕೊಂಡು ಪೂರ್ತಿ ಹೇಳಿದಳು.

ಮಾರನೇ ದಿನ ಮನೆಗೆ ಹೋದೆವು. ಮಣ್ಣಿನ ಗೋಡೆ, ತಗಡಿನ ಮಾಡು, ಗುಡಿಸಿ ಚೊಕ್ಕಟ ಮಾಡಿದ ಅಂಗಳ. ಜಾಜಾ ಗೊಮೆಸಿ ಉಟ್ಟಿದ್ದರು, ಭುಜದ ಹತ್ತಿರ ಎದ್ದು ನಿಲ್ಲುವ ತೋಳಿನ ಉದ್ದ ಉಡುಪು ಅದು. ನಮ್ಮನ್ನು ಕಂಡ ಕೂಡಲೇ ಮೊಣಕಾಲೂರಿ ನಮಸ್ಕಾರ ಹೇಳಿದರು. ಆ ಸೀಮೆಯ ಬಗಾಂಡ ಜನಾಂಗದ ಹೆಂಗಸರು ಅತಿಥಿಗಳನ್ನು ಮಾತಾಡಿಸುವ ರೀತಿ ಅದು. ನನ್ನ ಅಮ್ಮನ ವಯಸ್ಸಿನವರು ಹಾಗೆ ಕೂತದ್ದು ನೋಡಿ ಮನಸ್ಸು ಕಲಕಿತು. ಎಬ್ಬಿಸಬೇಡಿ, ಅವರಿಗೆ ಅವಮಾನ ಆದ ಹಾಗಾಗುತ್ತದೆ ಅಂತ ಕೇಂದ್ರದವರು ಮೊದಲೇ ಹೇಳಿದ್ದರು. ಹಾಗಾಗಿ ನಾವೂ ಅದೇ ಚಾಪೆಯ ಮೇಲೆ ಕೆಳಗೇ ಕೂತೆವು. ನಾವು ಒಯ್ದದ್ದು ಅಕ್ಕಿ, ಸಕ್ಕರೆ, ಉಪ್ಪು, ಎಣ್ಣೆ, ಬಟ್ಟೆ ಸೋಪು. ಏನು ತರಬೇಕು ಅಂತ ಕೇಂದ್ರದವರನ್ನೇ ಕೇಳಿದ್ದೆವು. ಹುಡುಗಿಗೆ ಒಂದು ಬ್ಯಾಗು, ಜ್ಯಾಮಿಟ್ರಿ ಬಾಕ್ಸ್, ನೋಟ್‌ಬುಕ್. ಪಕ್ಕದ ಮನೆಯ ಮಕ್ಕಳ ಕಣ್ಣಿಗೆ ನೋವಾಗುವಂಥದ್ದು ಏನೂ ಒಯ್ಯಬಾರದು.

ಮನೆ ಹಿಂದೆ ಹಲಸಿನ ಮರ. ಜಾಜಾ ಹಣ್ಣು ತರಿಸಿದರು. ನನ್ನ ಹೆಂಡತಿ ಸುಮ್ನೆ ಎಣ್ಣೆ ಕೇಳಿ ಕೈಗೆ, ಚೂರಿಗೆ ಹಚ್ಚಿಕೊಂಡು ಕೊಯ್ಯಲು ಕೂತಳು. ಜಾಜಾ ಒಂದು ಗಳಿಗೆ ನೋಡಿದರು, ಜೋರಾಗಿ ನಕ್ಕು ಅವಳ ಪಕ್ಕದಲ್ಲೇ ಕೂತು ಸೊಳೆ ಬಿಡಿಸಿದರು. ಬೀಜವನ್ನು ನಾವು ಬೇಯಿಸಿ ಪಲ್ಯ ಮಾಡುತ್ತೇವೆ ಅಂದಾಗ ಹೇಗೆ, ಏನು ಹಾಕ್ತೀರಿ ಅಂತ ಕೇಳಿಯೇ ಕೇಳಿದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ಅನುವಾದದ ಅಕ್ಕ ದೂರದಲ್ಲಿ ಕೂತು ಹಣ್ಣು ತಿನ್ನುತ್ತಿದ್ದರು, ಅವರನ್ನು ಯಾರೂ ಕರೆಯಲಿಲ್ಲ. ಹೊರಡುವಾಗ ಜಾಜಾ ಒಂದು ಜೀವಂತ ಕೋಳಿ ಕೊಟ್ಟರು. ಬೇಡ ಅನ್ನಬಾರದು. ಕೊಡುವವರು ನಾವು ಮಾತ್ರ ಅಂತ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಎರಡು ಕೈಯಲ್ಲಿ ತೆಗೆದುಕೊಂಡು ಕೇಂದ್ರದ ಅಡುಗೆಯವರಿಗೆ ಒಪ್ಪಿಸಿದೆವು.

ತಂಡದಲ್ಲಿ ಒಬ್ಬರು ಪ್ರೀತಿಯಿಂದ ತಮ್ಮ ಹುಡುಗನಿಗೆ 'ದೊಡ್ಡವನಾದ ಮೇಲೆ ನಮ್ಮ ಮನೆಗೆ ಬಾ' ಅಂದುಬಿಟ್ಟರು. ಕೇಂದ್ರದವರು ಕೂಡಲೇ ಅನುವಾದ ನಿಲ್ಲಿಸಿದರು. ಆ ಒಂದು ಮಾತನ್ನು ಮಗು ವರ್ಷಗಟ್ಟಲೆ ನಂಬಿಕೊಂಡು ಕೂರುತ್ತದೆ. ಮುಂದಿನ ಪತ್ರ ಬರೆಯುತ್ತೇನೆ ಅಂತ ಹೇಳಬಹುದು, ಅದು ನಮ್ಮ ಕೈಯಲ್ಲಿರುವ ಮಾತು.

ಕೇಂದ್ರದಲ್ಲಿ ಪ್ರತಿ ಮಗುವಿಗೂ ಒಂದೊಂದು ಫೈಲ್ ಇದೆ. ತೂಕ, ಎತ್ತರ, ಡಾಕ್ಟರ್ ನೋಡಿದ್ದು, ಶಾಲೆಯ ಅಂಕ, ಉಡುಗೊರೆ ಹಣದ ರಸೀದಿ, ಪತ್ರಗಳ ಲೆಕ್ಕ. ನಮ್ಮ ಹುಡುಗಿಯ ಫೈಲ್ ನಮಗೆ ತೋರಿಸಿದರು. ನಾವಿದ್ದಾಗಲೇ ಪತ್ರ ಹಂಚುವ ದಿನವೂ ಬಂತು. ಹೆಸರು ಕರೆಯುತ್ತಾರೆ, ಮಕ್ಕಳು ಓಡಿ ಬಂದು ತೆಗೆದುಕೊಳ್ಳುತ್ತಾರೆ. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಪ್ರತಿ ಹೆಸರಿಗೂ ತಲೆ ಎತ್ತುತ್ತಿದ್ದ. ಅವನ ಹೆಸರು ಬರಲೇ ಇಲ್ಲ. ಹಣ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ, ಪತ್ರ ಬಂದಿಲ್ಲ ಅಂದರು ಅಲ್ಲಿನ ಕಾರ್ಯಕರ್ತೆ. ಇಂಥ ಮಕ್ಕಳು ತುಂಬಾ ಇದ್ದಾರಂತೆ. ಊಟ, ಓದು, ಔಷಧಿ ಎಲ್ಲ ಅವನಿಗೂ ಸಿಗುತ್ತದೆ, ಅದರಲ್ಲಿ ವ್ಯತ್ಯಾಸ ಇಲ್ಲ. ಆದರೆ ಅವನ ಮುಖ ನನ್ನ ಮನಸ್ಸಿನಿಂದ ಹೋಗಿಲ್ಲ.

ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲನು ನಿಮ್ಮನ್ನು ನೋಡಲು ಹಂಬಲಿಸುತ್ತೇನೆ ಅನ್ನುತ್ತಾನೆ. ನಾನು ನಿಮಗೆ ಕೊಡಲು ಬರುತ್ತೇನೆ ಅಂದವನು, ತಕ್ಷಣ ನಿಮ್ಮಿಂದ ನನಗೂ ಧೈರ್ಯ ಸಿಗಲಿ ಅಂತ ಸೇರಿಸುತ್ತಾನೆ. ಅವನು ರೋಮಿಗೆ ಹೋದದ್ದು ಆಮೇಲೆ. ಮೊದಲು ಹೋದದ್ದು ಪತ್ರ. ವಾಪಸ್ ಬಂದ ಮೇಲೆ ಸಭೆಯಲ್ಲಿ ಸಾಕ್ಷಿ, ಅಂದರೆ ನಮ್ಮ ಅನುಭವ, ಹೇಳುವಾಗ ಈ ಭಾಗವನ್ನೇ ಓದಿದೆ.

ಪ್ರಯಾಣಕ್ಕೆ ಹಣವಿಲ್ಲದವರು, ಸ್ಪಾನ್ಸರ್ ಮಾಡಲು ಆಗದವರು ಕೂಡ ಒಂದು ಕೆಲಸ ಮಾಡಬಹುದು. ಪತ್ರ ಬಾರದ ಮಕ್ಕಳಿಗೆ ಬೇರೆಯವರು ಪತ್ರ ಬರೆಯಲು ಸಂಸ್ಥೆಯಲ್ಲಿ ವ್ಯವಸ್ಥೆ ಇದೆ, ಕೇಳಿದರೆ ಒಂದು ಮಗುವನ್ನು ಜೋಡಿಸಿ ಕೊಡುತ್ತಾರೆ. ನಮ್ಮ ಯುವಜನ ಸಂಘದ ಕೆಲವರು ಹೆಸರು ಕೊಟ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಅಲ್ಲೇ ಕೂತು ಬರೆಯುತ್ತಾರೆ. ಏನು ಬರೆಯಬೇಕೋ ಗೊತ್ತಾಗದವರು ನನ್ನ ಪಕ್ಕದಲ್ಲಿ ಬಂದು ಕೂರಬಹುದು.